ಷಿಯಾನ್ ನಗರದಲ್ಲಿ ಅವ್ವ

ಚೀನ ದೇಶದ ಷಿಯಾನ್ ನಗರದಲ್ಲಿ ನಾನು ಉದ್ಯೋಗದ ನಿಮಿತ್ತವಾಗಿ ನಾಲ್ಕು ವರ್ಷ ವಾಸವಾಗಿದ್ದೆನು. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಮೇಲ್ವಿಚಾರಣೆ ನನ್ನ ಕೆಲಸವಾಗಿದ್ದಿತು. ವಾರಕ್ಕೊಮ್ಮೆ ಬಾದಾಮಿಯಲ್ಲಿದ್ದ ಅವ್ವನೊಡನೆ ಫೋನಿನಲ್ಲಿ ಮಾತನಾಡುತ್ತಿದ್ದೆ. ಆಕೆ ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಊಟ ಆತೇನೋ ತಮ್ಮಾ? ಏನ ಉಂಡಿ?" ನಾನು ಉಂಡುದನ್ನು ವಿವರಿಸಹೊರಟರೆ ಮಾತು ಬೆಳೆಯುತ್ತದೆಂದು "ಅನ್ನ, ಸಾರು" ಎಂದು ಹೇಳಿ ಮುಗಿಸಿಬಿಡುತ್ತಿದ್ದೆ. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ. ಕಾರ್ಖಾನೆಯ ಊಟದ ಮನೆಯಲ್ಲಿ ಬಡಿಸಿದ ಪಲ್ಯದೊಳಗಿನ ಮಾಂಸದ ತುಣುಕುಗಳನ್ನು ಬಟ್ಟಲಿನ ಬದಿಗೆ ಸರಿಸಿ, ಉಳಿದುದನ್ನು ತಿನ್ನುವುದು ನನಗೆ ರೂಢಿಯಾಗಿದ್ದಿತು. ತಲೆಮಾರುಗಳಿಂದ ಸಸ್ಯಾಹಾರವನ್ನು ನಡೆಸಿಕೊಂಡು ಬಂದ ಮನೆತನದಲ್ಲಿ ಹುಟ್ಟಿದವನು ನಾನು. ಆ ಸಂಗತಿಯನ್ನು ಅವ್ವನಿಗೆ ತಿಳಿಸುವ ಧೈರ್ಯ ನನಗಿರಲಿಲ್ಲ.

2018ರ ಅಕ್ಟೋಬರ್ ತಿಂಗಳಿನಲ್ಲಿ, ಶಾಲೆಗಳಿಗೆ ದಸರೆಯ ರಜೆ ಬಂದಾಗ, ಅವ್ವ, ಅಕ್ಕ ಮತ್ತು ಅಕ್ಕನ ಮಗಳು ಮೂವರೂ ನನ್ನನ್ನು ನೋಡಲು ಹೊರಟು ಬಂದರು. ಅಕ್ಕ ಬಾದಾಮಿಯ ಸಮೀಪದ ಹಳ್ಳಿಯೊಂದರಲ್ಲಿ ಶಿಕ್ಷಕಿ. ಆಕೆಯ ಮಗಳು ಆಗ 9ನೆಯ ತರಗತಿಯಲ್ಲಿ ಓದುತ್ತಿದ್ದಳು. ಕೌಲಾಲಂಪುರದ ಮಾರ್ಗವಾಗಿ ಎರಡು ವಿಮಾನಗಳನ್ನು ಏರಿ ಇಳಿದು, ನಿದ್ದೆಗೆಟ್ಟ ಕಣ್ಣುಗಳಿಂದ ಹೊರಬಂದ ಅವ್ವ ಮೊದಲು ಮಾಡಿದ ಕೆಲಸವೆಂದರೆ ತನ್ನ ಚೀಲವನ್ನು ಮುಟ್ಟಿ ನೋಡಿಕೊಂಡುದು. ಅದರೊಳಗೆ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಪುಡಿ ಇದ್ದವು. ಅಲ್ಲಿರುವುದು ಹನ್ನೆರಡು ದಿನ; ದಿನಕ್ಕೆ ನಾಲ್ಕರಂತೆ 48 ರೊಟ್ಟಿ. ಆಕೆ ತಂದುದು 50. ಎರಡು ಯಾಕೆ ಹೆಚ್ಚು ಎಂದು ಕೇಳಿದರೆ, "ಯಾರರ ಬಂದರ ಇರಲಿ ಅಂತ ತಂದೀನಿ" ಎಂದಳು. ಚೀನದಲ್ಲಿ ನನ್ನ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಯಾವ ಅತಿಥಿ ಬರುತ್ತಾನೆಂದು ಆಕೆ ಎಣಿಸಿದ್ದಳೋ ನಾನರಿಯೆ!

ಷಿಯಾನ್ ಬಹು ಪ್ರಾಚೀನವಾದ ನಗರ. ಒಂದು ಕಾಲಕ್ಕೆ ಛಾಂಗ್‌ಆನ್ ಎಂಬ ಹೆಸರಿನಿಂದ ಅದು ಹಲವು ರಾಜವಂಶಗಳ ರಾಜಧಾನಿಯಾಗಿ ಮೆರೆದಿದ್ದಿತು. ಪಶ್ಚಿಮದೇಶಗಳಿಗೆ ಹೋಗುವ ರೇಷ್ಮೆಯ ವರ್ತಕರು ಒಂಟೆಗಳನ್ನು ಕಟ್ಟಿ ಹೊರಡುತ್ತಿದ್ದುದು ಅಲ್ಲಿಂದಲೇ. ನಗರದ ನಡುಭಾಗವನ್ನು ಸುತ್ತುವರಿದಿರುವ ಕೋಟೆ 14ನೆಯ ಶತಮಾನದಲ್ಲಿ, ಮಿಂಗ್ ಅರಸರ ಕಾಲದಲ್ಲಿ ಕಟ್ಟಿದುದು. ಅದರ ಸುತ್ತಳತೆ ಸುಮಾರು 14 ಕಿ.ಮೀ.; ಎತ್ತರ 12 ಮೀಟರು. ಗೋಡೆಯ ನೆತ್ತಿ ನಮ್ಮ ಊರಿನ ಹೆದ್ದಾರಿಗಿಂತಲೂ ಅಗಲವಾಗಿದೆ. ಅಲ್ಲಿ ಬಾಡಿಗೆಗೆ ಸೈಕಲ್ಲುಗಳು ದೊರೆಯುತ್ತವೆ. ಅಕ್ಕನ ಮಗಳು ಒಂದು ಸೈಕಲ್ಲನ್ನು ಹಿಡಿದು ಕೋಟೆಯ ಮೇಲೆಯೇ ಕಣ್ಮರೆಯಾದಳು. ನಾವು ಮೂವರು ಗೋಡೆಗೆ ಒರಗಿ ಕೆಳಗೆ ನೋಡುತ್ತ ನಿಂತೆವು. ಕಂದಕದ ಪಕ್ಕದ ಉದ್ಯಾನದಲ್ಲಿ ಕೆಲವು ಮುದುಕರು ಆ ಪ್ರಾಂತದ ಹಳೆಯ ಸಂಗೀತ ನಾಟಕದ ಹಾಡುಗಳನ್ನು ಗಂಟಲು ಹರಿಯುವಂತೆ ಹಾಡುತ್ತಿದ್ದರು. ಅವ್ವ ಕಿವಿಗೊಟ್ಟು ಕೇಳಿ, "ನಮ್ಮ ಪಾರಿಜಾತದವರು ಒದರಿದ್ಹಂಗ ಒದರತಾರ" ಎಂದು ಮೆಚ್ಚಿಕೆಯಿಂದಲೇ ನುಡಿದಳು.

ಮರುದಿನ ನಗರದಿಂದ ಪೂರ್ವಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿರುವ ಮಣ್ಣಿನ ಸೈನ್ಯವನ್ನು ನೋಡಲು ಹೋದೆವು. ಕ್ರಿ.ಪೂ. 221ರಲ್ಲಿ ಚೀನದ ರಾಜ್ಯಗಳನ್ನೆಲ್ಲ ಗೆದ್ದು ಒಂದುಗೂಡಿಸಿದ ಚಿನ್ ಷಿ ಹ್ವಾಂಗ್ ಎಂಬ ಚಕ್ರವರ್ತಿ, ಸತ್ತ ಮೇಲೂ ತನ್ನನ್ನು ಕಾಯಲೆಂದು ಸುಟ್ಟ ಮಣ್ಣಿನ ಸೈನಿಕರನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿಸಿ ನೆಲದೊಳಗೆ ನಿಲ್ಲಿಸಿದನು. ಎರಡು ಸಾವಿರ ವರ್ಷಗಳಿಗಿಂತಲೂ ಹೆಚ್ಚು ಕಾಲ ಅವರ ಸುಳಿವು ಯಾರಿಗೂ ಇರಲಿಲ್ಲ. 1974ರಲ್ಲಿ ಆ ಸೀಮೆಯ ರೈತರು ಬಾವಿ ತೋಡುತ್ತಿದ್ದಾಗ ಗುದ್ದಲಿಗೆ ಮಣ್ಣಿನ ಚೂರುಗಳು ತಾಕಿದವು. ಇಂದು ಅಲ್ಲಿ 230 ಮೀಟರು ಉದ್ದದ ಒಂದು ಮಹಾಗುಂಡಿಯ ಮೇಲೆ ಕಮಾನಿನ ಛಾವಣಿಯನ್ನು ಹೊದಿಸಿದ್ದಾರೆ. ಅದರ ಅಂಚಿನಲ್ಲಿ ನಿಂತು ನೋಡಿದರೆ ಆಳೆತ್ತರದ ಯೋಧರು ಸಾಲುಸಾಲಾಗಿ ನಿಂತಿರುವುದು ಕಾಣುತ್ತದೆ. ಒಬ್ಬನ ಮುಖದಂತೆ ಇನ್ನೊಬ್ಬನ ಮುಖವಿಲ್ಲ. ಮೊದಲು ಅವರ ಮೈಗೆ ಬಣ್ಣಗಳಿದ್ದವು. ಮಣ್ಣಿನಿಂದ ಹೊರಬಂದು ಗಾಳಿ ತಾಕುತ್ತಲೇ ಅವು ಉದುರಿಹೋದವು. ಹಿಂಭಾಗದಲ್ಲಿ ತಲೆಯಿಲ್ಲದ, ತೋಳಿಲ್ಲದ ಸೈನಿಕರು ಚಿಕಿತ್ಸೆಗೆ ಕಾದಿರುವ ರೋಗಿಗಳಂತೆ ನಿಂತಿದ್ದಾರೆ. ಚೂರುಗಳನ್ನು ಜೋಡಿಸಿ ಒಬ್ಬೊಬ್ಬನನ್ನೇ ನಿಲ್ಲಿಸುವ ಕೆಲಸ ಅಲ್ಲಿ ನಡೆದೇ ಇದೆ.

ನಾನು ಈ ವೃತ್ತಾಂತವನ್ನೆಲ್ಲ ಅವ್ವನಿಗೆ ಉತ್ಸಾಹದಿಂದ ಹೇಳಿದೆ. ಆಕೆ ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, "ಪಾಪ, ಆ ಬಾವಿಗೆ ನೀರ ಬಿತ್ತೇನು?" ಎಂದಳು. ಬರಗಾಲವನ್ನು ಕಂಡುಂಡ ಬೆಳವಲದ ಹೆಣ್ಣುಮಗಳ ಪ್ರಶ್ನೆ ಅದು. ನಾನು ಆ ಸ್ಥಳಕ್ಕೆ ಐದಾರು ಸಲ ಹೋಗಿದ್ದೆ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಹೊರಗೆ ರಸ್ತೆಯ ಎರಡೂ ಬದಿಗೆ ದಾಳಿಂಬೆ ಮಾರುವವರು ಕುಳಿತಿದ್ದರು. ಆ ಸೀಮೆಯ ದಾಳಿಂಬೆ ಚೀನದಲ್ಲೆಲ್ಲ ಹೆಸರಾದುದು. ಪಕ್ಕದಲ್ಲಿಯೇ ಕಿತ್ತಳೆಯ ಬಣ್ಣದ, ಮೃದುವಾದ, ಟೊಮ್ಯಾಟೊ ಹಣ್ಣನ್ನು ಹೋಲುವ ಇನ್ನೊಂದು ಹಣ್ಣು ಇದ್ದಿತು. ಇಂಗ್ಲಿಷಿನಲ್ಲಿ ಅದನ್ನು ಪರ್ಸಿಮನ್ ಎನ್ನುತ್ತಾರೆ. ಅದರ ಸಿಪ್ಪೆ ತೆಗೆದರೆ ಒಳಗೆ ಜೇನಿನಂಥ ತಿರುಳು. ಅವ್ವ ದಾಳಿಂಬೆಯನ್ನು ಬಿಡಿಸಿಕೊಂಡು ತಿಂದಳು. ಪರ್ಸಿಮನ್ ಹಣ್ಣನ್ನು ಮೂಸಿ ನೋಡಿ, ಅನಂತರ ಒಂದಲ್ಲ, ಮೂರು ತಿಂದಳು. ಆದರೆ ಅಂಗಡಿಯಲ್ಲಿ ಬೇಯಿಸಿದ ಯಾವ ಪದಾರ್ಥವನ್ನೂ ಮುಟ್ಟಲಿಲ್ಲ. ಮೂರು ದಿನ ಹೀಗೆಯೇ ನಡೆಯಿತು. ನಾವು ಹೋಟೆಲುಗಳಲ್ಲಿ ಉಣ್ಣುವಾಗ ಆಕೆ ಚೀಲ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಳು. ಆ ಸದ್ದಿಗೆ ಪಕ್ಕದವರು ತಿರುಗಿ ನೋಡುತ್ತಿದ್ದರು. ನನಗೆ ಸಂಕೋಚವಾಗುತ್ತಿದ್ದಿತು. ದೇಶ ನೋಡಲು ಬಂದವಳು ಆ ದೇಶದ ಅನ್ನವನ್ನು ಉಣ್ಣದೆ ಹೋಗುವುದೆಂದರೇನು ಎಂದು ದಿನವೂ ಒತ್ತಾಯಿಸುತ್ತಿದ್ದೆ.

ನಾಲ್ಕನೆಯ ದಿನ ಬೆಳಗಿನಿಂದಲೇ ಮಳೆ ಹಿಡಿದಿದ್ದಿತು. ಸಂಜೆ ಚಳಿಗಾಳಿ ಬೀಸತೊಡಗಿತು. ಅವ್ವ ಶಾಲನ್ನು ತಲೆಗೆ ಸುತ್ತಿಕೊಂಡು ನಡುಗುತ್ತಿದ್ದಳು. ಹಾದಿಯ ಪಕ್ಕದ ಒಂದು ಸಣ್ಣ ಅಂಗಡಿಯಿಂದ ಬಿಸಿ ಆವಿ ಹೊರಗೆ ಬರುತ್ತಿದ್ದಿತು. ಒಳಗೆ ಒಬ್ಬನು ನಾದಿದ ಹಿಟ್ಟನ್ನು ಎರಡು ಕೈಗಳಿಂದ ಹಿಗ್ಗಿಸಿ, ಮಡಿಸಿ, ಮತ್ತೆ ಹಿಗ್ಗಿಸಿ, ನೋಡುನೋಡುತ್ತಿರುವಂತೆಯೇ ಅದನ್ನು ನೂಲಿನ ಲಡಿಯಂತೆ ಮಾಡಿ ಕುದಿಯುವ ನೀರಿಗೆ ಬಿಡುತ್ತಿದ್ದನು. "ಇದು ನಮ್ಮ ಶಾವಿಗಿ ಇದ್ದಂಗ ಐತಲ್ಲ!" ಎಂದು ಅವ್ವ ಬಾಗಿಲಲ್ಲಿ ನಿಂತಳು. ಅದೇ ಸಮಯವೆಂದು ನಾನು ಎಲ್ಲರನ್ನೂ ಒಳಗೆ ಕರೆದೊಯ್ದೆ. ನನಗೆ ಬರುತ್ತಿದ್ದ ಹರಕು ಚೀನೀ ಭಾಷೆಯಲ್ಲಿ "ಬು ಯಾವ್ ರೋ", ಎಂದರೆ "ಮಾಂಸ ಬೇಡ" ಎಂದು ಅಂಗಡಿಯವನಿಗೆ ಹೇಳಿದೆ. ಆತ ತಲೆಯಾಡಿಸಿದನು. ಸ್ವಲ್ಪ ಹೊತ್ತಿನಲ್ಲಿ ನಾಲ್ಕು ಬಟ್ಟಲು ಬಂದವು. ಹಬೆಯಾಡುವ ತಿಳಿಯಲ್ಲಿ ಶಾವಿಗೆ, ಮೇಲೆ ಪಾಲಕದ ಎಲೆ, ಸೋಯಾ ಅವರೆಯ ಹಾಲಿನಿಂದ ಮಾಡಿದ ತೋಫು. ಮಾಂಸದ ತುಣುಕು ಒಂದೂ ಇರಲಿಲ್ಲ.

"ತಮ್ಮಾ, ಇದರಾಗ ಏನೂ ಇಲ್ಲಲ್ಲ?" ಎಂದು ಅವ್ವ ಕೇಳಿದಳು.

"ಏನೂ ಇಲ್ಲ, ಉಣ್ಣವ್ವಾ" ಎಂದೆ.

ಅವ್ವ ಉಂಡಳು. ಶಾವಿಗೆ ಮುಗಿದ ಮೇಲೆ ಬಟ್ಟಲನ್ನು ಎರಡು ಕೈಗಳಿಂದ ಎತ್ತಿ ತಿಳಿಯನ್ನೆಲ್ಲ ಕುಡಿದಳು. ಮುಖಕ್ಕೆ ಬಣ್ಣ ಬಂದಿತು. "ಜೀವ ಬಂತಪಾ!" ಎಂದಳು. ಆಗ ನನಗಾದ ಹಿಗ್ಗನ್ನು ಏನೆಂದು ಹೇಳಲಿ!

ಕೈ ತೊಳೆಯಲು ಹಿಂದಕ್ಕೆ ಹೋಗಿದ್ದ ಅಕ್ಕನ ಮಗಳು ಬಂದು ನನ್ನ ಕಿವಿಯಲ್ಲಿ, "ಮಾಮಾ, ಆ ಹಂಡೇದಾಗ ದೊಡ್ಡ ದೊಡ್ಡ ಎಲುಬು ಅದಾವ. ಅದರಾಗಿನ ನೀರ ನಮ್ಮ ಬಟ್ಟಲಕ್ಕ ಹಾಕ್ಯಾರ" ಎಂದಳು. ನಾನು ಎದ್ದು ಹೋಗಿ ನೋಡಿದೆ. ಹುಡುಗಿ ಹೇಳಿದುದು ನಿಜವಾಗಿದ್ದಿತು. ಅಂಗಡಿಯವನ ತಪ್ಪು ಇದರಲ್ಲಿ ಏನೂ ಇರಲಿಲ್ಲ. ನಾನು ಮಾಂಸ ಬೇಡವೆಂದಿದ್ದೆ. ಆತ ಮಾಂಸವನ್ನು ಹಾಕಿರಲಿಲ್ಲ. ಎಲುಬು ಕುದಿಸಿದ ತಿಳಿಯನ್ನು ಅಲ್ಲಿ ಯಾರೂ ಮಾಂಸವೆಂದು ಎಣಿಸುವುದಿಲ್ಲ. ಎರಡು ವರ್ಷ ಆ ಊರಿನಲ್ಲಿದ್ದೂ ನಾನು ಇಷ್ಟನ್ನು ಅರಿತುಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಅರಿಯುವ ಗೋಜಿಗೇ ಹೋಗಿರಲಿಲ್ಲ. ಅವ್ವ ಆ ಹೊತ್ತಿಗೆ ಅಕ್ಕನೊಡನೆ ಶಾವಿಗೆಯ ಮಾತನ್ನಾಡುತ್ತ ನಗುತ್ತಿದ್ದಳು. ನಾನು ಹುಡುಗಿಗೆ, ಇದನ್ನು ಆಯಿಗೆ ಹೇಳಬೇಡ, ಸುಮ್ಮನಿರು ಎಂದು ಪಿಸುಗುಟ್ಟಿದೆ. ನಮ್ಮ ಕಡೆಯ ಮನೆಗಳಲ್ಲಿ ಅಜ್ಜಿಯನ್ನು ಆಯಿ ಎಂದು ಕರೆಯುವುದುಂಟು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದಿನವೂ ಆಯಿಯ ಕೈಯನ್ನು ಹಿಡಿದುಕೊಂಡು ಹರಟುತ್ತ ಮಲಗುವ ಹುಡುಗಿ ಅಂದು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. "ಯಾಕವ್ವಾ, ಮೈಯಾಗ ಆರಾಮಿಲ್ಲೇನು?" ಎಂದು ಅವ್ವ ಕೇಳಿದ್ದೂ, ಹುಡುಗಿ ಉತ್ತರ ಕೊಡದೆ ಹೊದಿಕೆ ಎಳೆದುಕೊಂಡದ್ದೂ ನನಗೆ ಪಕ್ಕದ ಕೋಣೆಯಿಂದ ಕೇಳಿಸಿತು.

ಮರುದಿನ ಮಳೆ ನಿಂತಿದ್ದಿತು. ನಾವು ಹ್ಯೂಯೆನ್‌ತ್ಸಾಂಗನ ಗೋಪುರವನ್ನು ನೋಡಲು ಹೋದೆವು. ಇತಿಹಾಸದ ಪಾಠದಲ್ಲಿ ಈ ಹೆಸರನ್ನು ನೀವೆಲ್ಲರೂ ಓದಿರುತ್ತೀರಿ. ಚೀನೀಯರು ಆತನನ್ನು ಷ್ವಾನ್‌ಜಾಂಗ್ ಎಂದು ಕರೆಯುತ್ತಾರೆ. ಬೌದ್ಧ ಗ್ರಂಥಗಳನ್ನು ಅರಸುತ್ತ ಮರುಭೂಮಿಯನ್ನೂ ಹಿಮಪರ್ವತಗಳನ್ನೂ ದಾಟಿ ಭಾರತಕ್ಕೆ ಬಂದ ಆ ಯಾತ್ರಿಕನು, ಸುಮಾರು 16 ವರ್ಷಗಳ ಬಳಿಕ, 645ರಲ್ಲಿ, 657 ಗ್ರಂಥಗಳೊಡನೆ ಈ ನಗರಕ್ಕೆ ಮರಳಿದನು. ಅವುಗಳನ್ನು ಇರಿಸಲೆಂದು 652ರಲ್ಲಿ ಕಟ್ಟಿದುದೇ ಈ ಇಟ್ಟಿಗೆಯ ಗೋಪುರ. ಮುಂದೆ ಅದನ್ನು ಮತ್ತೆ ಕಟ್ಟಿ ಬೆಳೆಸಿದರು. ಈಗ ಅದಕ್ಕೆ ಏಳು ಅಂತಸ್ತು. ಎತ್ತರ ಸುಮಾರು 64 ಮೀಟರು. ವಯಸ್ಸಾದವರಂತೆ ಕೊಂಚ ಒಂದು ಕಡೆಗೆ ವಾಲಿದೆ. ಎದುರಿಗೆ ದಂಡವನ್ನು ಹಿಡಿದು ನಿಂತ ಹ್ಯೂಯೆನ್‌ತ್ಸಾಂಗನ ದೊಡ್ಡ ಪ್ರತಿಮೆಯಿದೆ.

ಹುಡುಗಿಗೆ ಅಂದು ಮೊದಲ ಸಲ ಉತ್ಸಾಹ ಬಂದಿತು. "ಆಯಿ, ಇಂವ ನಮ್ಮ ಪುಲಿಕೇಶಿ ಬಗ್ಗೆ ಬರದಾನ!" ಎಂದು ಕೂಗಿದಳು. ಅದು ನಿಜ. ಹರ್ಷನ ಸೈನ್ಯಕ್ಕೂ ಮಣಿಯದ, ಉಪಕಾರವನ್ನು ಮರೆಯದ, ಅಪಮಾನವನ್ನು ಸಹಿಸದ ಜನರ ನಾಡೆಂದು ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಆತನು ಬಣ್ಣಿಸಿದ್ದಾನೆ. ಐಹೊಳೆಯ ಶಾಸನ ಒಂದು ಕಡೆಯಿಂದ ಹೇಳಿದುದನ್ನೇ ಈ ಪರದೇಶಿ ಇನ್ನೊಂದು ಕಡೆಯಿಂದ ಹೇಳಿದ್ದಾನೆ. ನಮ್ಮ ಮನೆಯ ಅಂಗಳದಿಂದ ಕಾಣುವ ಬಾದಾಮಿಯ ಗುಡ್ಡದ ಅರಸನ ಹೆಸರು, ಇಷ್ಟು ದೂರದ ಈ ನಗರದಲ್ಲಿ ಕುಳಿತು ಬರೆಸಿದ ಪುಸ್ತಕದಲ್ಲಿ ಸೇರಿದೆಯೆಂಬುದು ಅವ್ವನಿಗೆ ಬಹಳ ಸೋಜಿಗವಾಯಿತು. ಆತನು ಭಾರತೀಯರ ಊಟದ ವಿಷಯವಾಗಿಯೂ ಬರೆದಿದ್ದಾನೆಂದು ನಾನು ಹೇಳಿದೆ. ಊಟಕ್ಕೆ ಮೊದಲು ತಪ್ಪದೆ ತೊಳೆದುಕೊಳ್ಳುತ್ತಾರೆ, ಉಳಿದ ಎಂಜಲನ್ನು ಮತ್ತೆ ಬಡಿಸುವುದಿಲ್ಲ, ಬೆರಳುಗಳಿಂದ ಕಲಸಿ ಉಣ್ಣುತ್ತಾರೆ, ಉಳ್ಳಾಗಡ್ಡಿ ಬೆಳ್ಳುಳ್ಳಿ ತಿಂದವರನ್ನು ಊರ ಹೊರಗೆ ಇಡುತ್ತಾರೆ ಎಂದೆಲ್ಲ ಅದರಲ್ಲಿದೆ. ಕೊನೆಯ ಮಾತನ್ನು ಕೇಳಿ ಅವ್ವ ನಕ್ಕಳು. "ಹಂಗಾದರ ನಮ್ಮ ಓಣಿಯೊಳಗ ಒಬ್ಬರೂ ಉಳೀತಿದ್ದಿಲ್ಲ" ಎಂದಳು.

ನಾನು ಇದನ್ನೆಲ್ಲ ಉದ್ದ ಮಾಡಿ ಹೇಳುತ್ತಿದ್ದುದಕ್ಕೆ ಬೇರೆ ಕಾರಣವಿದ್ದಿತು. ಹೇಳಬೇಕಾದ ಇನ್ನೊಂದು ಮಾತು ಗಂಟಲಲ್ಲಿ ಕುಳಿತಿದ್ದಿತು.

ಗೋಪುರದ ಒಳಗಿನ ಮೆಟ್ಟಿಲುಗಳು ಕಡಿದಾಗಿದ್ದುದರಿಂದ ಅವ್ವ ಹತ್ತಲಿಲ್ಲ. ಅಕ್ಕ ಮತ್ತು ಹುಡುಗಿ ಮೇಲೆ ಹೋದರು. ನಾವಿಬ್ಬರೂ ಅಂಗಳದ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತೆವು. ಗೋಪುರವಿರುವ ಆ ದೇವಾಲಯದ ಹೆಸರಿನ ಅರ್ಥವೇನೆಂದು ಅವ್ವ ಕೇಳಿದಳು. ಅದನ್ನು 648ರಲ್ಲಿ ಒಬ್ಬ ರಾಜಕುಮಾರನು ತೀರಿಹೋದ ತನ್ನ ತಾಯಿಯ ನೆನಪಿಗಾಗಿ ಕಟ್ಟಿಸಿದನು. ಅದರ ಹೆಸರಿನಲ್ಲಿರುವುದು ತಾಯಿಯ ವಾತ್ಸಲ್ಯದ ಋಣವೇ. ಇದನ್ನು ಹೇಳಿದ ಮೇಲೆ ಮುಂದಿನ ಮಾತನ್ನು ತಡೆಯುವುದು ನನ್ನಿಂದ ಆಗಲಿಲ್ಲ.

"ಅವ್ವಾ, ನಿನ್ನೆ ನೀ ಕುಡದ ತಿಳಿ ಎಲುಬು ಕುದಿಸಿದ್ದು. ನನಗ ಗೊತ್ತಿರಲಿಲ್ಲ."

ಅವ್ವ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ, ಇಲ್ಲವೆ ಅಳುತ್ತಾಳೆ ಎಂದು ನಾನು ಭಾವಿಸಿದ್ದೆ. ಆಕೆ ಎರಡನ್ನೂ ಮಾಡಲಿಲ್ಲ.

"ಯಾವಾಗ ಗೊತ್ತಾತು?"

"ಉಂಡ ಕೂಡಲೆ. ಹುಡುಗಿ ನೋಡಿ ಹೇಳಿದಳು."

"ಮತ್ತ?"

"ನಿನಗ ಹೇಳಬ್ಯಾಡ ಅಂತ ಆಕೀಗೆ ನಾನ ಹೇಳಿದೆ."

ಅವ್ವ ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಅದಕ್ಕ ಕೂಸು ರಾತ್ರಿ ಗ್ವಾಡಿ ಕಡೆ ಮುಖ ಮಾಡಿ ಮಲಗಿತ್ತು" ಎಂದಳು. ಮತ್ತೆ ಸ್ವಲ್ಪ ತಡೆದು, "ಅಂಗಡಿಯಂವ ನೀ ಕೇಳಿದ್ದು ಕೊಟ್ಟ. ನೀ ತಿಳೀದ ಕೇಳಿದಿ. ನಾ ನಿನ್ನ ನಂಬಿ ಉಂಡೆ. ಅದು ಆಗಿಹೋತು, ಶಿವಗ ಗೊತ್ತೈತಿ. ಆದರ ಆ ಕೂಸಿನ ಬಾಯಿ ಯಾಕ ಕಟ್ಟಿದಿ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ.

"ಫೋನಿನ್ಯಾಗ ಅನ್ನ ಸಾರು ಅಂತಿದ್ದೆಲ್ಲಾ, ಅದೂ ಹಿಂಗ ಏನು?"

ಆಗ ಎಲ್ಲವನ್ನೂ ಹೇಳಿದೆ. ಕಾರ್ಖಾನೆಯ ಊಟ, ಬದಿಗೆ ಸರಿಸಿದ ತುಣುಕುಗಳು, ಒಮ್ಮೊಮ್ಮೆ ಸರಿಸದೆಯೇ ಬಿಟ್ಟದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು. ಅಷ್ಟರಲ್ಲಿ ಮೇಲಿನ ಅಂತಸ್ತಿನ ಕಿಟಕಿಯಿಂದ ಹುಡುಗಿ ಕೈ ಬೀಸಿದಳು. ಅವ್ವ ತಲೆಯೆತ್ತಿ, ತಾನೂ ಕೈ ಬೀಸಿದಳು. ಅವರು ಕೆಳಗೆ ಬಂದಾಗ ಮೊಮ್ಮಗಳನ್ನು ಹತ್ತಿರ ಕರೆದು, "ನಿಮ್ಮ ಮಾಮಾ ಎಲ್ಲಾ ಹೇಳ್ಯಾನ" ಎಂದಳು. ಹುಡುಗಿ ಆಯಿಯ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು. ಅಕ್ಕ ನನಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಆಕೆ ಶಿಕ್ಷಕಿ, ಬೈಯುವ ಅಭ್ಯಾಸ ಚೆನ್ನಾಗಿದ್ದಿತು.

ಅವ್ವ ಆ ಸಂಜೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಬರೀ ನೀರು ಕುಡಿದು ಮಲಗಿದಳು. ಇನ್ನು ಉಳಿದ ದಿನಗಳಲ್ಲಿ ಆಕೆ ಮನೆಯಿಂದ ಹೊರಗೆ ಬರುವುದಿಲ್ಲವೆಂದೇ ನಾನು ತಿಳಿದೆ. ಬೆಳಿಗ್ಗೆ ಎದ್ದವಳು ರೊಟ್ಟಿಯನ್ನು ಮುರಿಯುತ್ತ, "ಇಲ್ಲೆ ಸನ್ಯಾಸಿಗೋಳು ಅದಾರಲ್ಲ, ಅವರು ಏನ ಉಣತಾರ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಚೀನದ ಬೌದ್ಧ ಭಿಕ್ಷುಗಳು ಮಾಂಸವನ್ನು ತಿನ್ನುವುದಿಲ್ಲ. 6ನೆಯ ಶತಮಾನದಲ್ಲಿ ಲಿಯಾಂಗ್ ವಂಶದ ವೂ ಎಂಬ ಚಕ್ರವರ್ತಿ ಭಿಕ್ಷುಗಳಿಗೆ ಮಾಂಸಾಹಾರ ಕೂಡದೆಂದು ಕಟ್ಟುಮಾಡಿದನು. ಹಾಗಾದರೆ ಅವರ ಆಹಾರಕ್ಕೆ ಒಂದು ಹೆಸರಿರಲೇಬೇಕಲ್ಲವೆ? ನನ್ನೊಡನೆ ಕೆಲಸ ಮಾಡುತ್ತಿದ್ದ ಒಬ್ಬ ಚೀನೀ ಗೆಳೆಯನಿಗೆ ಫೋನು ಮಾಡಿದೆ. ಆತ ನಕ್ಕು, ಮಾಂಸ ಬೇಡವೆಂದರೆ ತುಣುಕು ಬೇಡವೆಂದಷ್ಟೇ ಜನ ತಿಳಿಯುತ್ತಾರೆ, "ವೋ ಛ ಸೂ" ಎಂದು ಹೇಳಿರಿ, ಮೊಟ್ಟೆ, ಎಲುಬಿನ ತಿಳಿ, ಪ್ರಾಣಿಯ ಕೊಬ್ಬು ಯಾವುದೂ ಬೇಡವೆಂದು ಮತ್ತೊಮ್ಮೆ ಬಿಡಿಸಿ ಹೇಳಿರಿ ಎಂದನು. 'ಸೂ' ಎಂದರೆ ಸಾತ್ವಿಕವಾದ ಸಸ್ಯಾಹಾರ. ನಾನು ಸೂ ಉಣ್ಣುವವನು ಎಂಬುದು ಆ ಮಾತಿನ ಅರ್ಥ. ಎರಡು ವರ್ಷದಲ್ಲಿ ನಾನು ಕಲಿಯದ ಆ ಮೂರು ಶಬ್ದಗಳನ್ನು ಅವ್ವ ಅರ್ಧ ಗಂಟೆಯಲ್ಲಿ ಕಲಿತಳು. ಬಾದಾಮಿಯ ರಾಗವೊಂದು ಅದಕ್ಕೆ ಸೇರಿಕೊಂಡಿದ್ದಿತು, ಅಷ್ಟೆ. ಬರೆದುಕೊಟ್ಟ ಚೀಟಿಯೊಂದು ಹುಡುಗಿಯ ಕಿಸೆಯಲ್ಲಿದ್ದಿತು. ಅಂದಿನಿಂದ ಅಂಗಡಿಗಳಲ್ಲಿ ಮಾತನಾಡುವ ಅಧಿಕಾರವನ್ನು ನನ್ನಿಂದ ಕಿತ್ತುಕೊಂಡು ಆಯಿ ಮೊಮ್ಮಗಳು ಇಬ್ಬರೂ ವಹಿಸಿಕೊಂಡರು. ನನ್ನ ಪಾಲಿಗೆ ಚೀಲ ಹೊರುವ ಕೆಲಸ ಉಳಿಯಿತು.

ನಗಾರಿ ಗೋಪುರದ ಹಿಂದೆ ಮುಸಲ್ಮಾನರ ಓಣಿಗಳಿವೆ. ರೇಷ್ಮೆಯ ಹಾದಿಯಲ್ಲಿ ಬಂದ ವರ್ತಕರು ನೆಲೆನಿಂತು ಅಲ್ಲಿಯವರೇ ಆದರು. ಅವರ ದೊಡ್ಡ ಮಸೀದಿಗೆ ಗುಮ್ಮಟವಿಲ್ಲ. ಚೀನೀ ಹೆಂಚಿನ ಮಾಡುಗಳು, ಮರದ ಕಂಬಗಳು, ಒಂದರ ಹಿಂದೆ ಒಂದು ಅಂಗಳಗಳು. ಹೊರಗಿನ ಬೀದಿಯಲ್ಲಿ ತಿಂಡಿಯ ಅಂಗಡಿಗಳ ಸಂತೆಯೇ ಸಂತೆ. ಅಂಟಕ್ಕಿ, ಖರ್ಜೂರದಂಥ ಕೆಂಪು ಹಣ್ಣು, ಕಾಳು ಇವುಗಳನ್ನು ಪದರಪದರವಾಗಿ ಹಬೆಯಲ್ಲಿ ಬೇಯಿಸಿದ ಕಡುಬಿನಂಥ ಪದಾರ್ಥವೊಂದನ್ನು ಅವ್ವ ವಿಚಾರಿಸಿ, ತಿಂದು, ಮೆಚ್ಚಿದಳು. ಒಂದು ಹೋಟೆಲಿನಲ್ಲಿ ಜನರು ಗಟ್ಟಿಯಾದ ದುಂಡು ರೊಟ್ಟಿಯನ್ನು ಕೈಯಲ್ಲಿ ಹಿಡಿದು ಕಾಳಿನಷ್ಟು ಸಣ್ಣಗೆ ಚಿವುಟಿ ಚಿವುಟಿ ಬಟ್ಟಲಿಗೆ ಹಾಕುತ್ತ ಕುಳಿತಿದ್ದರು. ಆ ಬಟ್ಟಲನ್ನು ಅಡುಗೆಯವನಿಗೆ ಕೊಟ್ಟರೆ ಕುರಿಯ ಮಾಂಸದ ಸಾರಿನಲ್ಲಿ ಬೇಯಿಸಿ ತಂದುಕೊಡುತ್ತಾನೆ. ಅದು ಆ ನಗರದ ಬಲು ಹೆಸರಾದ ಊಟ. ಅದನ್ನು ಉಣ್ಣುವ ಮಾತಿರಲಿಲ್ಲ. ಆದರೂ ಚಿವುಟುವವರ ತಾಳ್ಮೆಯನ್ನು ಅವ್ವ ಬಹಳ ಹೊತ್ತು ನಿಂತು ನೋಡಿದಳು.

ಹೊರಡುವ ಹಿಂದಿನ ದಿನ ಒಬ್ಬ ಮುದುಕಿ ನಡೆಸುತ್ತಿದ್ದ ಸಣ್ಣ ಅಂಗಡಿಗೆ ಹೋದೆವು. ಅಲ್ಲಿ ಮಾಡುವುದು ಸೊಂಟದ ಪಟ್ಟಿಯಷ್ಟು ಅಗಲವಾದ ಶಾವಿಗೆ. ಹಿಟ್ಟನ್ನು ಎಳೆದು ಮಣೆಗೆ ಬಡಿಯುವಾಗ ಬರುವ ಸದ್ದಿನಂತೆಯೇ ಅದರ ಹೆಸರು: ಬಿಯಾಂಗ್ ಬಿಯಾಂಗ್. ಆ ಹೆಸರನ್ನು ಬರೆಯುವ ಅಕ್ಷರಕ್ಕೆ 50ಕ್ಕೂ ಹೆಚ್ಚು ಗೆರೆಗಳು ಬೇಕು. ಬಾಗಿಲ ಮೇಲಿನ ಫಲಕದಲ್ಲಿ ಅದನ್ನು ಕಂಡ ಅಕ್ಕ, ಮನೆಪಾಠ ಮಾಡದ ಹುಡುಗರಿಗೆ ಬರೆಸಲು ಒಳ್ಳೆಯ ಅಕ್ಷರವೆಂದು ಮೆಚ್ಚಿದಳು. ಅವ್ವ ಒಳಗೆ ಹೋಗಿ "ವೋ ಛ ಸೂ" ಎಂದಳು. ಹುಡುಗಿ ಚೀಟಿ ತೋರಿಸಿದಳು. ಮುದುಕಿ ಕನ್ನಡಕವೇರಿಸಿ ಓದಿ, ಏನೋ ಹೇಳಿ, ಒಂದು ಪಾತ್ರೆಯನ್ನು ನಮ್ಮೆದುರೇ ತೊಳೆದು ಒಲೆಗಿಟ್ಟಳು. ಬೆಂದ ಶಾವಿಗೆಯ ಮೇಲೆ ಮೆಣಸಿನಕಾಯಿಯ ಪುಡಿ, ಬೆಳ್ಳುಳ್ಳಿ, ಈರುಳ್ಳಿಯ ಎಲೆಗಳನ್ನು ಇಟ್ಟು, ಕಾದ ಎಣ್ಣೆಯನ್ನು ಸುರಿದಳು. ಚುರ್ ಎಂದು ಸದ್ದಾಯಿತು.

"ಒಗ್ಗರಣಿ!" ಎಂದು ಅವ್ವ ಕುಳಿತಲ್ಲಿಂದಲೇ ಕೂಗಿದಳು.

ಆಕೆ ಅದನ್ನು ಕಲಸಿ, ಬೆರಳುಗಳಿಂದಲೇ ಉಂಡಳು. ಕೊನೆಗೆ ಮುದುಕಿ ಶಾವಿಗೆ ಬೇಯಿಸಿದ ಬಿಸಿನೀರನ್ನು ಬಟ್ಟಲಿಗೆ ತುಂಬಿ ಕುಡಿಯಲು ತಂದುಕೊಟ್ಟಳು. ಅದು ಅಲ್ಲಿಯ ಪದ್ಧತಿ. ಅದಕ್ಕೆ ಹಣ ಪಡೆಯುವುದಿಲ್ಲ. ಅವ್ವ ಬಟ್ಟಲನ್ನು ಎತ್ತುವ ಮೊದಲು ನನ್ನ ಕಡೆಗಲ್ಲ, ಮೊಮ್ಮಗಳ ಕಡೆಗೆ ನೋಡಿದಳು. ಹುಡುಗಿ ಒಳಗೆ ಹೋಗಿ, ಇಣುಕಿ ಬಂದು, "ಬರೇ ನೀರು, ಆಯಿ" ಎಂದಳು. ಅವ್ವ ಕುಡಿದಳು.

ಏಳುವಾಗ ಆಕೆ ಚೀಲ ಬಿಚ್ಚಿ, ಉಳಿದಿದ್ದ ಎರಡು ರೊಟ್ಟಿಗಳನ್ನು ಶೇಂಗಾ ಚಟ್ನಿಯೊಡನೆ ಮುದುಕಿಯ ಕೈಗಿತ್ತಳು. ಮುದುಕಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಿನಿಂದ ತಟ್ಟಿದಳು, ಮೂಸಿದಳು. ಅನಂತರ ಸ್ಟೂಲಿನ ಮೇಲೆ ಕುಳಿತು, ಅದನ್ನು ಕಾಳಿನಷ್ಟು ಸಣ್ಣಗೆ ಮುರಿದು ಮುರಿದು ಬಟ್ಟಲಿಗೆ ಹಾಕಿ, ಮೇಲೆ ಶಾವಿಗೆಯ ಬಿಸಿನೀರನ್ನು ಹೊಯ್ದು, ಚಟ್ನಿ ಉದುರಿಸಿ, ಕಡ್ಡಿಗಳಿಂದ ಉಣ್ಣತೊಡಗಿದಳು. ಅವ್ವ ಬಾಗಿಲಲ್ಲಿ ನಿಂತು, ಆಕೆಯ ಬಟ್ಟಲು ಬರಿದಾಗುವವರೆಗೂ ಕಾದು, ಆಮೇಲೆ ಮೆಟ್ಟಿಲಿಳಿದಳು.